ಬೆಟ್ಟದ ಚಳಿಗೆ ಎಂಥ ಅಂಗಿ?

ದೀಪಾವಳಿ ಕಳೆದು, ಕಾರ್ತಿಕದ ದೀಪಗಳೂ ಆರುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿಗೆ ತಂದೆತಾಯಿಯರ ಓಡಾಟ ಹೆಚ್ಚಾಗುತ್ತದೆ. ಮಕ್ಕಳ ಅಂಕಗಳನ್ನು ವಿಚಾರಿಸಲು ಬಂದಿರಬೇಕೆಂದು ನೀವು ತಿಳಿದರೆ ಅದು ನಿಮ್ಮ ಸಜ್ಜನಿಕೆ. ಅವರು ಬರುವುದು ಸ್ವೆಟರಿನ ವಿಚಾರ ಕೇಳಲು. ಪ್ರತಿ ವರ್ಷ ಡಿಸೆಂಬರಿನ ಮೊದಲ ವಾರಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಯಾವುದಾದರೊಂದು ಬೆಟ್ಟಕ್ಕೆ ಕರೆದೊಯ್ಯುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದ ಪದ್ಧತಿ. ವಿಜ್ಞಾನದ ಮೇಷ್ಟ್ರು ಎಂಬ ಕಾರಣಕ್ಕೋ, ಐವತ್ತು ದಾಟಿದರೂ ಬೆಟ್ಟ ಹತ್ತುವ ಹುಚ್ಚು ಬಿಟ್ಟಿಲ್ಲವೆಂಬ ಕಾರಣಕ್ಕೋ, ಮಕ್ಕಳ ಉಡುಗೆತೊಡುಗೆಯ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ.

“ಸಾರ್, ಇವನು ಜಾಕೆಟ್ ಬೇಕೇ ಬೇಕು ಅಂತ ಹಟ ಹಿಡಿದು ಕೂತಿದಾನೆ. ಅಂಗಡೀಲಿ ಕೇಳಿದ್ರೆ ಎರಡು ಸಾವಿರ ಅಂತಾರೆ. ತರಲೇಬೇಕಾ?”

“ಬೇಡ. ಒಂದು ಒಣ ಅಂಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿ, ಸಾಕು.”

ಹೀಗೆಂದಾಗ ಎಷ್ಟೋ ತಂದೆತಾಯಿಯರು ನನ್ನ ಮುಖವನ್ನೇ ನೋಡುತ್ತಾರೆ. ನಮ್ಮದು ಕಡೂರು ಕಡೆಯ ಬಯಲುಸೀಮೆ. ತೆಂಗಿನ ತೋಟದ ನೆರಳು, ರಾಗಿ ಹೊಲದ ಬಿಸಿಲು ಬಲ್ಲ ಜನ. ಬೆಟ್ಟದ ಚಳಿ ಎಂದರೆ ದಪ್ಪ ಬಟ್ಟೆ, ದಪ್ಪ ಬಟ್ಟೆ ಎಂದರೆ ಖರ್ಚು ಎಂಬುದು ಅವರ ಲೆಕ್ಕ. ಒಣ ಅಂಗಿಯ ಮಾತು ಮೇಷ್ಟ್ರ ತಮಾಷೆಯಂತೆ ಕೇಳಿಸುತ್ತದೆ. ಆದ್ದರಿಂದ ಆ ಅಂಗಿಯ ವಿಚಾರವನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯೋಣವೆನಿಸಿತು.

ಮೊದಲು ಚಳಿಯ ಲೆಕ್ಕ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ, ಸರಾಸರಿಯಾಗಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್‌ನಂತೆ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂತರವನ್ನು ಗುಣಿಸಿ ನೋಡಿದರೆ ಏಳೂವರೆ ಡಿಗ್ರಿ ಬರುತ್ತದೆ. ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಹತ್ತುವವರಿಗೆ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಏರು. ಅಲ್ಲಿ ಇಳಿಕೆ ಹತ್ತು ಡಿಗ್ರಿಯಷ್ಟಾಗುತ್ತದೆ. ಡಿಸೆಂಬರಿನಲ್ಲಿ ನಮ್ಮೂರಲ್ಲಿ ಬೆಳಗ್ಗೆ ಒಂಬತ್ತಕ್ಕೆ 20 ಡಿಗ್ರಿ ಇದ್ದರೆ ಗಿರಿಯ ತುದಿಯಲ್ಲಿ ಹನ್ನೆರಡೋ ಹದಿಮೂರೋ ಇರಬಹುದು. ಇದೇನು ಹೆದರುವ ಚಳಿಯಲ್ಲ. ದೆಹಲಿಯ ಮಕ್ಕಳು ಇದಕ್ಕಿಂತ ಹೆಚ್ಚಿನ ಚಳಿಯಲ್ಲಿ ಶಾಲೆಗೆ ಹೋಗುತ್ತಾರೆ. ಹಾಗಿದ್ದೂ ಬೆಟ್ಟದ ತುದಿಯಲ್ಲಿ ಹಲ್ಲು ಕಟಕಟಿಸುವುದೇಕೆ?

ಇದಕ್ಕೆ ಕಾರಣ ಎರಡು: ಬೆವರು ಮತ್ತು ಗಾಳಿ. ಸುಮ್ಮನೆ ಕುಳಿತ ದೊಡ್ಡವರ ಮೈ ಹಳೆಯ ಕಾಲದ 100 ವಾಟ್ ಬಲ್ಬಿನಷ್ಟು ಶಾಖವನ್ನು ಹೊರಹಾಕುತ್ತಿರುತ್ತದೆ. ಏರು ಹತ್ತುವಾಗ ಇದು ನಾಲ್ಕೈದು ಪಟ್ಟು ಹೆಚ್ಚುತ್ತದೆ, ಏಕೆಂದರೆ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಕಾಲು ಭಾಗದಷ್ಟು ಮಾತ್ರ, ಮಿಕ್ಕಿದ್ದೆಲ್ಲ ಶಾಖ. ಅದನ್ನು ಕಳೆಯಲು ಮೈ ಬೆವರುತ್ತದೆ. ಹತ್ತುವಷ್ಟು ಹೊತ್ತೂ ಇದು ಉಪಕಾರವೇ. ತುದಿ ಮುಟ್ಟಿ ಕುಳಿತೊಡನೆ ಒಲೆ ಆರುತ್ತದೆ, ಆದರೆ ಅಂಗಿ ಒದ್ದೆಯಾಗಿಯೇ ಇರುತ್ತದೆ. ಆವಿಯಾಗಲು ಅದಕ್ಕೆ ಶಾಖ ಬೇಕು. ಎಲ್ಲಿಂದ ತರಬೇಕು? ಅಂಗಿಯೊಳಗಿರುವವನ ಮೈಯಿಂದಲೇ.

ಇದನ್ನು ನಾನು ಪ್ರವಾಸಕ್ಕೆ ಮುಂಚಿನ ವಾರ ತರಗತಿಯಲ್ಲಿ ಲೆಕ್ಕ ಮಾಡಿಸುತ್ತೇನೆ. ಮೈಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಅಂಗಿ, ಬನಿಯನ್ ಎರಡರಲ್ಲೂ ಸೇರಿ 200 ಗ್ರಾಂ ಬೆವರಿದೆ ಎಂದಿಟ್ಟುಕೊಳ್ಳಿ. 480 ಕಿಲೋಜೂಲ್ ಆಯಿತು. ಮನುಷ್ಯನ ಮೈಯ ವಿಶಿಷ್ಟೋಷ್ಣ ಕಿಲೋಗ್ರಾಂಗೆ ಸುಮಾರು 3.5 ಕಿಲೋಜೂಲ್. ನಲವತ್ತು ಕಿಲೋ ತೂಕದ ಹುಡುಗನ ಮೈ ಒಂದು ಡಿಗ್ರಿ ಇಳಿಯಲು 140 ಕಿಲೋಜೂಲ್ ಹೋದರೆ ಸಾಕು. ಭಾಗಿಸಿದರೆ ಮೂರು ಡಿಗ್ರಿಗೂ ಮೇಲೆ! ಮೈಯ ಒಳಗಿನ ಉಷ್ಣತೆ 37ರಿಂದ 35ಕ್ಕಿಂತ ಕೆಳಗಿಳಿದರೆ ಅದನ್ನೇ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ನಿಜದಲ್ಲಿ ಅಷ್ಟೆಲ್ಲ ಇಳಿಯುವುದಿಲ್ಲ, ಮೈ ಹೊಸ ಶಾಖವನ್ನು ಮಾಡುತ್ತಲೇ ಇರುತ್ತದೆ, ನಡುಗಿ ಇನ್ನಷ್ಟು ಮಾಡುತ್ತದೆ, ಆವಿಯಾಗಲು ಬೇಕಾದ ಶಾಖದ ಒಂದಿಷ್ಟು ಪಾಲು ಹೊರಗಿನ ಗಾಳಿಯಿಂದಲೂ ಬರುತ್ತದೆ. ಆದರೂ ಕಪ್ಪು ಹಲಗೆಯ ಮೇಲೆ ಆ ಮೂರು ಡಿಗ್ರಿ ಮೂಡಿದಾಗ ಹಿಂದಿನ ಬೆಂಚಿನವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಗುಪ್ತೋಷ್ಣದ ಪಾಠ ಇಷ್ಟು ಸುಲಭವಾಗಿ ಬೇರಾವ ಉದಾಹರಣೆಯಿಂದಲೂ ಅವರ ತಲೆಗೆ ಇಳಿದಿಲ್ಲ.

ಇನ್ನು ಗಾಳಿ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ಎಳೆಗಳಿಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಆ ಜಾಗಕ್ಕೆ ನೀರು ಬಂದು ತುಂಬಿಕೊಂಡರೆ ಕೆಲಸ ಕೆಟ್ಟಿತು. ನಿಂತ ಗಾಳಿಗಿಂತ ನೀರು ಶಾಖವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಸಾಗಿಸುತ್ತದೆ. ಹತ್ತಿಯ ಅಂಗಿ ನೀರನ್ನು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ಜೀನ್ಸ್ ಅಂತೂ ಒಮ್ಮೆ ನೆನೆದರೆ ಆ ದಿನ ಒಣಗುವ ಮಾತಿಲ್ಲ. ಹತ್ತಿಯನ್ನು ನಾನು ದೂರುತ್ತಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮೂರಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಬಿಸಿಲಿನಲ್ಲಿ ನಮ್ಮನ್ನು ತಂಪಾಗಿಡುವ ಆ ಗುಣವೇ ಡಿಸೆಂಬರಿನ ಮಂಜಿನಲ್ಲಿ ಮುಳುವಾಗುತ್ತದೆ, ಅಷ್ಟೇ.

ಈ ಲೆಕ್ಕವನ್ನೆಲ್ಲ ಮಾಡಿಸಿಯೂ ನಡೆದ ಒಂದು ಸಂಗತಿಯನ್ನು ಹೇಳಬೇಕು. ಎಂಟು ವರ್ಷಗಳಾದವು. ಆ ವರ್ಷ ಮುಳ್ಳಯ್ಯನಗಿರಿಯ ಸರ್ಪದಾರಿ ಹಿಡಿದಿದ್ದೆವು. ಹೆಸರೇ ಹೇಳುವಂತೆ ಹುಲ್ಲಿನ ದಿಣ್ಣೆಯ ಮೇಲೆ ಹಾವಿನ ಹಾಗೆ ಸುತ್ತಿಕೊಂಡು ಏರುವ ದಾರಿ. ಮರದ ಮರೆಯಿಲ್ಲ, ಬಿಸಿಲೂ ನೇರ, ಗಾಳಿಯೂ ನೇರ. ಬೆಳಗಿನ ಆರೂವರೆಗೆ ಹತ್ತಲು ಶುರು ಮಾಡಿದಾಗ ಕೈ ಚಾಚಿದರೆ ಕಾಣದಷ್ಟು ಮಂಜು. ಎರಡನೇ ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಸ್ವೆಟರ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ ಎಂದೆ. ಹಾಕಿಕೊಂಡರು. ಒಬ್ಬ ಹುಡುಗ ಮಾತ್ರ ಅಣ್ಣನದೋ ಯಾರದೋ ದೊಡ್ಡ ಸ್ವೆಟರನ್ನು ಕುತ್ತಿಗೆಯವರೆಗೆ ಎಳೆದುಕೊಂಡು, “ಇರ್ಲಿ ಸಾರ್, ನಂಗೆ ಚಳಿ ಜಾಸ್ತಿ” ಎಂದ. ಹಣೆಯಿಂದ ಬೆವರು ಇಳಿಯುತ್ತಿತ್ತು. ನಾಲ್ಕನೇ ತಿರುವಿನಲ್ಲೂ ಅದೇ ಮಾತು, ಅದೇ ಉತ್ತರ.

ತುದಿಯಲ್ಲಿ ಗಾಳಿ ಬೀಸುತ್ತಿತ್ತು ಅನ್ನುವುದಕ್ಕಿಂತ ತಳ್ಳುತ್ತಿತ್ತು ಅನ್ನಬೇಕು. ಮಕ್ಕಳು ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತರು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಹುಡುಗಿಯೊಬ್ಬಳು ಬಂದು, “ಸಾರ್, ಅವನ ಕೈಲಿ ಡಬ್ಬಿ ಮುಚ್ಚಳ ತೆಗೆಯೋಕಾಗ್ತಿಲ್ಲ” ಎಂದಳು. ಹೋಗಿ ನೋಡಿದರೆ ತುಟಿ ನೀಲಿಗಟ್ಟಿದೆ, ಬೆರಳು ಮಾತು ಕೇಳುತ್ತಿಲ್ಲ, ಕೇಳಿದ್ದಕ್ಕೆ ಉತ್ತರ ತೊದಲುತ್ತಿದೆ. ಸ್ವೆಟರಿನ ಹೊರಗೆ ಮಂಜಿನ ಹನಿ, ಒಳಗೆ ಬೆವರು. ಹಿಂಡಿದರೆ ನೀರು ಬರುವಂತಿತ್ತು. ದೇವಸ್ಥಾನದ ಗೋಡೆಯ ಮರೆಗೆ ಕರೆದೊಯ್ದು, ಒದ್ದೆಯದನ್ನೆಲ್ಲ ತೆಗೆಯೋ ಎಂದರೆ ಹುಡುಗ ಸ್ವೆಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಿ.ಟಿ. ಮೇಷ್ಟ್ರು ಗದರಿದರು. ಬಿಡಲಿಲ್ಲ. ಡಬ್ಬಿ ಮುಚ್ಚಳ ತೆಗೆಯಲಾರದ ಬೆರಳಿಗೆ ಅದೆಲ್ಲಿಂದ ಬಂತೋ ಆ ಬಲ!

ಮಿಕ್ಕ ಮಕ್ಕಳನ್ನು ಪಿ.ಟಿ. ಮೇಷ್ಟ್ರ ಜೊತೆ ಫೋಟೊ ತೆಗೆಸಿಕೊಳ್ಳಲು ಆಚೆ ಬದಿಗೆ ಕಳಿಸಿದೆ. ಅವರೆಲ್ಲ ಮರೆಯಾದ ಮೇಲೆ ಹುಡುಗ ಕೈ ಸಡಿಲಿಸಿದ. ಒಳಗಿನ ಯೂನಿಫಾರಂ ಅಂಗಿ ಬೆನ್ನಿನಲ್ಲಿ ಹೆಗಲಿನಿಂದ ಸೊಂಟದವರೆಗೂ ಹರಿದಿತ್ತು. ಮೂರು ಕಡೆ ಪಿನ್ನು ಚುಚ್ಚಿದ್ದರು. ಒಂದು ಪಿನ್ನು ಬಿಟ್ಟುಕೊಂಡು ಬೆನ್ನಿಗೆ ಗೀರಿತ್ತು. ನನ್ನ ಚೀಲದಲ್ಲಿದ್ದ ಒಣ ಅಂಗಿ ತೊಡಿಸಿದೆ. ತೋಳು ಬೆರಳಿಗಿಂತ ಒಂದು ಗೇಣು ಉದ್ದ ಬಂದು ಕೈಚೀಲದ ಕೆಲಸವನ್ನೂ ಮಾಡಿತು. ಅದರ ಮೇಲೆ ನನ್ನ ಸ್ವೆಟರು, ತಲೆಗೆ ಮಂಕಿ ಕ್ಯಾಪು, ಫ್ಲಾಸ್ಕಿನಲ್ಲಿದ್ದ ಸಕ್ಕರೆ ಹಾಕಿದ ಬಿಸಿ ಕಾಫಿ, ಒಂದು ಉಂಡೆ ಬೆಲ್ಲ. ಮುಕ್ಕಾಲು ಗಂಟೆಯಲ್ಲಿ ನಡುಕ ನಿಂತು ಮಾತು ನೇರವಾಯಿತು. ಮೊದಲನೆಯ ಮಾತು: “ಯಾರ್ಗೂ ಹೇಳ್ಬೇಡಿ ಸಾರ್.”

ಎಂಟು ವರ್ಷ ಹೇಳಿರಲಿಲ್ಲ. ಹುಡುಗ ಈಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ಇದನ್ನು ಬರೆಯಲೇ ಎಂದು ಫೋನು ಮಾಡಿ ಕೇಳಿದಾಗ, “ಬರೀರಿ ಸಾರ್, ಹೆಸರೊಂದು ಬೇಡ” ಎಂದು ನಕ್ಕ.

ನಡುಗುವ ಮಗುವಿನ ಮೈಯನ್ನು ಗಸಗಸ ಉಜ್ಜಬಾರದು, ನೇರವಾಗಿ ಬೆಂಕಿಯ ಮುಂದೆ ಕೂರಿಸಬಾರದು. ಗಾಳಿಯಿಂದ ಮರೆ ಮಾಡಿ, ಒದ್ದೆ ತೆಗೆದು ಒಣ ಬಟ್ಟೆ ಹಾಕಿ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಏನಾದರೂ ಕುಡಿಸಬೇಕು. ಉಷ್ಣತೆ ಏರದೆ ನಡುಕ ತಾನಾಗಿ ನಿಂತು, ಮಂಪರು ಕವಿಯತೊಡಗಿದರೆ ಅದು ಸುಧಾರಣೆಯಲ್ಲ, ಅಪಾಯ. ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಆ ಕ್ಷಣದಿಂದಲೇ ಆಗಬೇಕು. ಮೈಯ ಶಾಖದ ಅರ್ಧ ಭಾಗ ತಲೆಯಿಂದಲೇ ಹೋಗುತ್ತದೆಂದು ಹಲವು ಪುಸ್ತಕಗಳಲ್ಲಿದೆ. ಅದು ಸರಿಯಲ್ಲ. ತಲೆ ಮೈಯ ಮೇಲ್ಮೈಯ ಹತ್ತನೇ ಒಂದು ಭಾಗದಷ್ಟು, ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೋಗುತ್ತದೆ. ಹಾಗೆಂದು ಮಂಕಿ ಕ್ಯಾಪನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಬೇರೆಲ್ಲ ಮುಚ್ಚಿಕೊಂಡು ತಲೆಯನ್ನು ತೆರೆದಿಟ್ಟರೆ ಹೋಗುವುದು ಅಲ್ಲಿಂದಲೇ ತಾನೆ?

ಆ ವರ್ಷದ ನಂತರ ನಮ್ಮ ಬೆಟ್ಟದ ಉಡುಪು ಬದಲಾಯಿತು. ಹತ್ತುವಾಗ ಎಲ್ಲರಿಗೂ ಕ್ರೀಡಾಕೂಟದ ಹೌಸ್ ಟೀ ಶರ್ಟ್. ಅದು ಪಾಲಿಯೆಸ್ಟರ್, ನೀರು ಹೀರುವುದಿಲ್ಲ, ಗಾಳಿಗೆ ಬೇಗ ಒಣಗುತ್ತದೆ. ವಿಜ್ಞಾನದ ದೃಷ್ಟಿಯಿಂದ ಇದು ಸರಿ. ಇನ್ನೊಂದು ಲಾಭವನ್ನು ನಾನು ಹೇಳಬೇಕಾಗಿಲ್ಲ: ಕೆಂಪು, ಹಸಿರು, ನೀಲಿ, ಹಳದಿ ಅಂಗಿಗಳ ಸಾಲಿನಲ್ಲಿ ಯಾರ ಮನೆಯಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಇಲ್ಲದವರಿಗಾಗಿ ಸ್ಟಾಫ್ ರೂಮಿನ ಬೀರುವಿನಲ್ಲಿ ಹಿಂದಿನ ವರ್ಷಗಳ ಹತ್ತು ಹದಿನೈದು ಟೀ ಶರ್ಟು ಇರುತ್ತವೆ. ಹಿಂದಿನ ದಿನ ಸಂಜೆ ಎಲ್ಲರಿಗೂ ‘ಅಳತೆ ನೋಡುವ’ ನೆಪದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತೇವೆ. ಎರಡನೇ ತಿರುವಿನಲ್ಲಿ ಎಲ್ಲರಿಗಿಂತ ಮೊದಲು ಸ್ವೆಟರ್ ಬಿಚ್ಚುವವನು ನಾನು. ಒಳಗಿರುವುದು ಕಾಲರ್ ಸವೆದ, ಮೊಣಕೈಗೆ ತೇಪೆ ಬಿದ್ದ ನನ್ನ ಬೆಟ್ಟದ ಅಂಗಿ. ಮಕ್ಕಳು ಕಿಸಕ್ಕನೆ ನಗುತ್ತಾರೆ. ನಗಲಿ. ನನ್ನ ಮನೆಯವಳು ಅದನ್ನು ಎರಡು ಸಲ ಪಾತ್ರೆಯವನಿಗೆ ಹಾಕಲು ನೋಡಿದ್ದಾಳೆ, ನಾನು ಬಿಟ್ಟಿಲ್ಲ.

ತಾಯಂದಿರಿಗೆ ಒಂದು ಮಾತು. ಬೆಳಗಿನ ಜಾವ ನಾಲ್ಕೂವರೆಗೆ ಬಸ್ಸಿನ ಹತ್ತಿರ ನಿಂತು ಮಗುವಿನ ಕುತ್ತಿಗೆಯ ಗುಂಡಿ ಹಾಕುವ ನಿಮ್ಮ ಕೈಯನ್ನು ನಾನು ತಡೆಯುವುದಿಲ್ಲ. ಬಸ್ಸಿನಲ್ಲಿ ಅದೆಲ್ಲ ಇರಲಿ. ಏರು ಶುರುವಾಗುವ ಜಾಗದಲ್ಲಿ ಮಾತ್ರ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಇರಬೇಕು. ಹತ್ತು ನಿಮಿಷ ನಡೆದರೆ ಆ ಚಳಿ ಹೋಗುತ್ತದೆ. ಬೆಚ್ಚಗೆ ಹೊರಟವರು ಬೆವರಿ ನೆನೆಯುತ್ತಾರೆ. ತುದಿ ಮುಟ್ಟಿದೊಡನೆ, ಚಳಿ ಗೊತ್ತಾಗುವ ಮುಂಚೆಯೇ, ಒದ್ದೆ ಅಂಗಿ ತೆಗೆದು ಒಣ ಅಂಗಿ, ಅದರ ಮೇಲೆ ಸ್ವೆಟರ್. ಗಾಳಿ ಜೋರಿದ್ದರೆ ಮಳೆಗಾಲದ ರೇನ್‌ಕೋಟನ್ನೇ ಹೊರಗಿನಿಂದ ಹಾಕಿದರಾಯಿತು. ಅದನ್ನು ಹತ್ತುವಾಗ ಹಾಕಿಕೊಂಡರೆ ಒಳಗೇ ಬೆವರಿನ ಸ್ನಾನವಾಗುತ್ತದೆ. ಕುಳಿತಾಗ, ಇಳಿಯುವಾಗ ಒಳ್ಳೆಯದು. ಅದೂ ಇಲ್ಲದಿದ್ದರೆ ಸ್ವೆಟರಿನ ಒಳಗೆ ಎದೆಯ ಮೇಲೆ ವೃತ್ತಪತ್ರಿಕೆಯ ಎರಡು ಹಾಳೆ ಇಟ್ಟುಕೊಳ್ಳಿ. ಯುರೋಪಿನ ಸೈಕಲ್ ಪಂದ್ಯಗಳಲ್ಲಿ ಕಣಿವೆಗೆ ಇಳಿಯುವ ಸವಾರರು ಹೀಗೆ ಮಾಡುತ್ತಿದ್ದರು. ಈ ಪುರವಣಿಯ ಹಾಳೆಯೂ ಆಗಬಹುದು, ಓದಿಯಾದ ಮೇಲೆ!

ಹೆಣ್ಣುಮಕ್ಕಳ ತಂದೆತಾಯಿ ಚೂಡಿದಾರ್ ಆಗದೇ ಎಂದು ಕೇಳುತ್ತಾರೆ. ಧಾರಾಳವಾಗಿ ಆಗುತ್ತದೆ, ದುಪ್ಪಟ್ಟಾ ಮಾತ್ರ ಚೀಲದಲ್ಲಿರಲಿ. ಮುಳ್ಳಿಗೆ ಸಿಕ್ಕಿ ಎಳೆಯುತ್ತದೆ. ತುದಿಯಲ್ಲಿ ಅದನ್ನೇ ಕಿವಿಗೂ ಕುತ್ತಿಗೆಗೂ ಸುತ್ತಿಕೊಂಡರೆ ಮಫ್ಲರಿಗಿಂತ ಚೆನ್ನಾಗಿರುತ್ತದೆ. ಟ್ರ್ಯಾಕ್ ಪ್ಯಾಂಟ್ ಇನ್ನೂ ಒಳ್ಳೆಯದು. ಬದಲಾಯಿಸಲು ಅವರಿಗೆ ಮರೆಯ ಜಾಗ ಬೇಕು. ಇಬ್ಬರು ಶಿಕ್ಷಕಿಯರು ಒಂದು ಬೆಡ್‌ಶೀಟನ್ನು ಹಿಡಿದು ನಿಂತರೆ ಅದೇ ಕೋಣೆ. ಇದನ್ನು ಮೊದಲೇ ಯೋಚಿಸದಿದ್ದರೆ ಒಣ ಅಂಗಿ ಚೀಲದಲ್ಲೇ ಉಳಿದು ಮನೆಗೆ ವಾಪಸು ಬರುತ್ತದೆ.

ಒಂದು ದಪ್ಪ ಬಟ್ಟೆಗಿಂತ ತೆಳುವಾದ ಹಲವು ಪದರ ಮೇಲು ಎಂಬುದು ಹೊಸ ಕಾಲದ ಅಂಗಡಿಯವರು ಕಂಡುಹಿಡಿದದ್ದಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಎಂಟು ಸಾವಿರ ಮೀಟರಿಗೂ ಮೇಲೆ ಸಿಕ್ಕಿತು. ಮೈಮೇಲಿದ್ದ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿದಾಗ ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳೂ ಮೇಲೊಂದು ಗ್ಯಾಬರ್ಡೀನ್ ಕೋಟೂ ಇದ್ದುದು ತಿಳಿಯಿತು. ಅದೇ ಬಗೆಯ ಉಡುಪನ್ನು ಹೊಸದಾಗಿ ನೇಯಿಸಿ 2006ರಲ್ಲಿ ಎವರೆಸ್ಟಿನ ಮೇಲೆಯೇ ತೊಟ್ಟು ನೋಡಿದರು. ಹಗುರವಾಗಿತ್ತು, ಬೆಚ್ಚಗೂ ಇತ್ತು. ಅಷ್ಟು ದೂರವೇಕೆ, ನಮ್ಮ ಕುರಿಗಾಹಿಗಳ ಕಂಬಳಿಯನ್ನೇ ನೋಡಿ. ಚಳ್ಳಕೆರೆಯ ಕಂಬಳಿ ಸಂತೆಯ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಮಳೆಗೂ ಗಾಳಿಗೂ ಆಯಿತು, ರಾತ್ರಿ ಹಾಸಿಗೆಯಾಯಿತು. ಉಣ್ಣೆ ತನ್ನ ಎಳೆಯೊಳಗೆ ಸಾಕಷ್ಟು ತೇವವನ್ನು ಇಟ್ಟುಕೊಂಡೂ ಮೈಗೆ ಅಂಟುವುದಿಲ್ಲ, ಸುರುಳಿ ಎಳೆಗಳ ನಡುವಿನ ಗಾಳಿಯನ್ನು ಬಿಟ್ಟುಕೊಡುವುದಿಲ್ಲ. ಕಂಬಳಿ ಹೊದ್ದು ಬೆಟ್ಟಕ್ಕೆ ಬನ್ನಿ ಎಂದರೆ ಈಗಿನ ಮಕ್ಕಳು ಒಪ್ಪಲಾರರು. ಅಜ್ಜಿ ಹೆಣೆದ ಉಣ್ಣೆಯ ಸ್ವೆಟರ್ ಪೆಟ್ಟಿಗೆಯ ತಳದಲ್ಲಿದ್ದರೆ ತೆಗೆಯಿರಿ. ಎರಡು ಸಾವಿರದ ಜಾಕೆಟಿಗೆ ಅದೇನೂ ಕಡಿಮೆಯಿಲ್ಲ.

ಕಾಲಿನ ವಿಚಾರವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹೊಸ ಷೂ ಬೇಡ, ಹಳೆಯದು ಬೇಕು. ಕಾಲ್ಚೀಲ ಇನ್ನೊಂದು ಜೊತೆ ಇರಲಿ. ಚಳಿಗಾಲದ ಆರಂಭದಲ್ಲಿ ಕಾಡಿನ ನೆಲ ಇನ್ನೂ ಒದ್ದೆ, ಇಂಬಳ ಪೂರ್ತಿ ಹೋಗಿರುವುದಿಲ್ಲ. ಪ್ಯಾಂಟಿನ ಅಂಚನ್ನು ಕಾಲ್ಚೀಲದ ಒಳಗೆ ಸೇರಿಸಿಕೊಂಡರೆ ನೋಡಲು ಚೆನ್ನಾಗಿರುವುದಿಲ್ಲ ನಿಜ, ಇಂಬಳಕ್ಕೆ ಚರ್ಮ ಸಿಗುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ. ಅದನ್ನು ಹರಡುವುದು ಕಾಡಿನ ಉಣ್ಣೆ, ಅಂದರೆ ಉಣುಗು. ಕನ್ನಡದಲ್ಲಿ ಒಂದೇ ಮಾತು ನೋಡಿ: ಒಂದು ಉಣ್ಣೆ ಕುರಿಯ ಮೈಯಿಂದ ಬಂದು ನಮ್ಮ ಚಳಿ ಕಾಯುತ್ತದೆ, ಇನ್ನೊಂದು ಹುಲ್ಲಿನಿಂದ ಹತ್ತಿ ನಮ್ಮ ರಕ್ತ ಕುಡಿಯುತ್ತದೆ. ತುಂಬು ತೋಳು, ಉದ್ದ ಪ್ಯಾಂಟು, ಆದಷ್ಟು ತಿಳಿ ಬಣ್ಣ. ಕಪ್ಪು ಬಟ್ಟೆಯ ಮೇಲೆ ಉಣುಗು ಕಾಣಿಸುವುದೇ ಇಲ್ಲ. ಎಲ್ಲೆಂದರಲ್ಲಿ ಎಲೆಯ ಮೇಲೆ, ಹುಲ್ಲಿನ ಮೇಲೆ ಕೂರಬಾರದು. ಯಾವ ಊರಿನ ಸುತ್ತ ಕಾಯಿಲೆ ಕಾಣಿಸಿಕೊಂಡಿದೆಯೆಂದು ಆರೋಗ್ಯ ಇಲಾಖೆ ತಿಳಿಸಿದೆಯೋ ಆ ದಾರಿಯನ್ನು ಆ ವರ್ಷ ಬಿಟ್ಟುಬಿಡುವುದು ಕ್ಷೇಮ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಪ್ರವಾಸದಿಂದ ಬಂದ ಎರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ಸಂಗತಿಯನ್ನು ತಪ್ಪದೆ ಹೇಳಿ.

ಮಕ್ಕಳು ಸಂಜೆ ದಣಿದು ಬಂದು ಚೀಲವನ್ನು ಮೂಲೆಗೆಸೆದು ಮಲಗುತ್ತಾರೆ. ಮಲಗುವ ಮುಂಚೆ ಸ್ನಾನ ಮಾಡಿಸಿ, ಕಂಕುಳು, ಮೊಣಕಾಲ ಹಿಂಬದಿ, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ನೋಡಿ. ಬಟ್ಟೆಯನ್ನು ಆ ರಾತ್ರಿಯೇ ಬಿಸಿನೀರಿಗೆ ಹಾಕಿ. ಅಜ್ಜಿಯ ಸ್ವೆಟರನ್ನು ಮಾತ್ರ ಬಿಸಿನೀರಿಗೆ ಹಾಕದೆ, ಅಂಗಳದಲ್ಲಿ ಚೆನ್ನಾಗಿ ಕೊಡವಿ, ಹುಡುಕಿ ನೋಡಿ, ಆಮೇಲೆ ತಣ್ಣೀರಿನಲ್ಲಿ ಒಗೆಯಿರಿ. ಬಿಸಿನೀರು ಬಿದ್ದರೆ ಉಣ್ಣೆ ಕುಗ್ಗುತ್ತದೆ. ಮುಂದಿನ ಡಿಸೆಂಬರಿಗೆ ಅದು ತಮ್ಮನಿಗೂ ಆಗುವುದಿಲ್ಲ.